ಲಿಂಗದಹಳ್ಳಿಯ ಏರಿಗೆ ಎಷ್ಟು ಕಡ್ಡಿಯ ಗಾಲಿ?

ಸೈಕಲ್ಲಿನಲ್ಲಿ ದೂರ ಪ್ರವಾಸ ಹೊರಡುವವರು ಮೊದಲು ವಿಚಾರಿಸುವುದು ಗೇರಿನ ಬಗ್ಗೆ, ಆಮೇಲೆ ಸೀಟಿನ ಬಗ್ಗೆ, ಅದಾದ ಮೇಲೆ ಸೈಕಲ್ ಎಷ್ಟು ಕೆ.ಜಿ. ತೂಗುತ್ತದೆ ಎಂಬುದರ ಬಗ್ಗೆ. ಗಾಲಿಯ ವಿಷಯ ಯಾರೂ ಎತ್ತುವುದಿಲ್ಲ, ಕಡ್ಡಿ ಮುರಿಯುವ ತನಕ. ಮುರಿಯುವುದೂ ಹಿಂದಿನ ಗಾಲಿಯಲ್ಲೇ, ಅದೂ ಚೈನಿನ ಕಡೆಗೇ, ಊರು ಇನ್ನೂ ದೂರವಿರುವಾಗಲೇ.

ಗಾಲಿ ಗಟ್ಟಿಯೋ ಅಲ್ಲವೋ ನೋಡಲು ಚಿಕ್ಕಮಗಳೂರು ಜಿಲ್ಲೆಯ ಲಿಂಗದಹಳ್ಳಿಗಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ. ತರೀಕೆರೆ ತಾಲ್ಲೂಕಿನ ಈ ಊರಿಗೆ ಬೀರೂರಿನಿಂದಲೂ ಬರಬಹುದು, ತರೀಕೆರೆಯಿಂದಲೂ ಬರಬಹುದು. ಬಯಲುಸೀಮೆ ಮುಗಿದು ಮಲೆನಾಡು ಶುರುವಾಗುವುದು ಇಲ್ಲೇ. ಊರು ದಾಟಿ ಕಲ್ಲತ್ತಿಪುರದ ಕಡೆ ಹೊರಳಿದರೆ ರಸ್ತೆ ಮೈಮುರಿದು ಮೇಲೇಳುತ್ತದೆ. ತರೀಕೆರೆ ಪೇಟೆ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದ್ದರೆ, ಈ ದಾರಿ ಮುಟ್ಟುವ ಕೆಮ್ಮಣ್ಣುಗುಂಡಿ 1,434 ಮೀಟರಿನಲ್ಲಿದೆ. ಇನ್ನೊಂದು ರಸ್ತೆ ಸಂತವೇರಿಯ ಮೇಲೆ ಚಿಕ್ಕಮಗಳೂರಿಗೆ ಹೋಗುತ್ತದೆ, ಅದೂ ಘಾಟಿಯೇ.

ಹೀಗಾಗಿ ಕಡೂರು ಇಲ್ಲವೇ ಅಜ್ಜಂಪುರದ ಕಡೆಯಿಂದ ಹೊರಟವನಿಗೆ ಒಂದೇ ದಿನದಲ್ಲಿ ಎರಡು ಸೀಮೆಯ ಕಾಟ. ಬೆಳಿಗ್ಗೆ ಜಾಲಿಮುಳ್ಳು, ಕಾದ ಡಾಂಬರು, ಊರೂರಿಗೊಂದು ಹಂಪು. ಮಧ್ಯಾಹ್ನದ ಮೇಲೆ ಹಸಿ ರಸ್ತೆ, ಕೆಂಪು ಕೆಸರು, ಬ್ರೇಕಿಗೆ ಬಿಡುವೇ ಇಲ್ಲದ ತಿರುವುಗಳು. ಟೈರು ಮುಳ್ಳಿಗೆ ಜವಾಬು ಕೊಡಬೇಕು, ರಿಮ್ಮು ಗುಂಡಿಗೂ ಬ್ರೇಕಿಗೂ ಕೊಡಬೇಕು, ಕಡ್ಡಿಗಳು ಹೊರೆಗೆ ಕೊಡಬೇಕು.

ಹೊರೆ ಎಂದರೆ ಎಷ್ಟು? 70 ಕೆ.ಜಿ.ಯ ಸವಾರ, 15 ಕೆ.ಜಿ.ಯ ಸೈಕಲ್, ಬಟ್ಟೆ, ಟೆಂಟು, ಸ್ಟವ್ವು, ನೀರು ಸೇರಿ 20 ಕೆ.ಜಿ. ಸಾಮಾನು. ಒಟ್ಟು ನೂರು ದಾಟಿತು. ಕ್ಯಾರಿಯರಿನ ಎರಡೂ ಪಕ್ಕ ಚೀಲ ಇಳಿಬಿಟ್ಟರೆ ಇದರಲ್ಲಿ ಸಿಂಹಪಾಲು ಹಿಂದಿನ ಗಾಲಿಯ ಮೇಲೆ ಬೀಳುತ್ತದೆ. ಮುಂದಿನ ಗಾಲಿ ಹೇಗೋ ನಿಭಾಯಿಸಿಕೊಂಡು ಹೋಗುತ್ತದೆ. ಆದ್ದರಿಂದ ಈ ಲೇಖನದಲ್ಲಿ ಗಾಲಿ ಎಂದಾಗಲೆಲ್ಲ ಹಿಂದಿನ ಗಾಲಿ ಎಂದೇ ಓದಿಕೊಳ್ಳಿ.

ನೂರು ಕೆ.ಜಿ. ನಮ್ಮ ಹಳ್ಳಿಯ ಸೈಕಲ್ಲಿಗೆ ಯಾವ ಲೆಕ್ಕ? ಡೇರಿಗೆ ಹಾಲಿನ ಕ್ಯಾನು ಹೊತ್ತದ್ದು, ತೆಂಗಿನಕಾಯಿ ಮೂಟೆ ಹೇರಿಕೊಂಡು ಸಂತೆಗೆ ಹೋದದ್ದು, ಹಿಂದೊಬ್ಬ ಮುಂದೊಬ್ಬ ಕೂತು ಸಿನಿಮಾಕ್ಕೆ ಹೋದದ್ದು, ಎಲ್ಲವೂ ಅದೇ ಕಪ್ಪು ಸೈಕಲ್ಲು. ಚೆನ್ನೈನ ಟಿಐ ಕಂಪನಿ 1949ರಿಂದ, ಸೋನಿಪತ್ತಿನ ಅಟ್ಲಾಸ್ 1951ರಿಂದ, ಲೂಧಿಯಾನದ ಹೀರೊ 1956ರಿಂದ ಊರೂರಿಗೆ ತಲುಪಿಸಿದ ಈ ಸೈಕಲ್ಲಿನ ಗಾಲಿಗಳನ್ನು ಎಣಿಸಿ ನೋಡಿ: ಮುಂದೆ 32 ಕಡ್ಡಿ, ಹಿಂದೆ 40. ಇದು ಬ್ರಿಟಿಷರ ಕಾಲದ ಲೆಕ್ಕಾಚಾರ. ಹೊರೆ ಎಲ್ಲಿ ಹೆಚ್ಚೋ ಅಲ್ಲಿ ಕಡ್ಡಿ ಹೆಚ್ಚು. ಈಗ ಷೋರೂಮುಗಳಲ್ಲಿ ಥಳಥಳಿಸುವ ಸೈಕಲ್ಲುಗಳಲ್ಲಿ 28, 24, ಕೆಲವದರಲ್ಲಿ 20 ಕಡ್ಡಿಯ ಗಾಲಿ. ನುಣುಪು ರಸ್ತೆಯಲ್ಲಿ ಬರಿಗೈಯಲ್ಲಿ ಓಡಿಸುವವನಿಗೆ ಅದು ಸರಿ. ಚೀಲ ಕಟ್ಟಿದವನಿಗೆ ಅಲ್ಲ.

ಕಡ್ಡಿ ಜಾಸ್ತಿಯಾದರೆ ಗಾಲಿ ಯಾಕೆ ಗಟ್ಟಿ? ಇದನ್ನು ತಿಳಿಯಲು ಮೊದಲು ಎತ್ತಿನಗಾಡಿಯ ಚಕ್ರ ನೋಡಬೇಕು. ಹೊರೆ ಎಳೆಯುವುದಕ್ಕೇ ಹೆಸರಾದ ಅಮೃತಮಹಲ್ ರಾಸುಗಳ ತಳಿಕೇಂದ್ರ ಇರುವುದು ಪಕ್ಕದ ಅಜ್ಜಂಪುರದಲ್ಲೇ, ಹಾಗಾಗಿ ಈ ಸೀಮೆಯವರಿಗೆ ಗಾಡಿಯ ವಿಷಯ ಹೊಸದಲ್ಲ. ಗಾಡಿಯ ಚಕ್ರದಲ್ಲಿ ಭಾರವೆಲ್ಲ ಕೆಳಗಿರುವ ಮರದ ಕಾಲಿನ ಮೇಲೆ ಕೂರುತ್ತದೆ, ಅದು ಕಂಬವಾಗಿ ನಿಂತು ಹೊರುತ್ತದೆ. ಸೈಕಲ್ ಕಡ್ಡಿ ಎರಡು ಮಿಲಿಮೀಟರ್ ದಪ್ಪದ ತಂತಿ. ಅದರ ಮೇಲೆ ಭಾರ ಕೂರಿಸಿದರೆ ಬಾಗಿ ಮಲಗುತ್ತದೆ. ಅದಕ್ಕೇ ಎಲ್ಲ ಕಡ್ಡಿಗಳನ್ನೂ ಮೊದಲೇ ಎಳೆದು ಬಿಗಿದಿಟ್ಟಿರುತ್ತಾರೆ. ಫ್ರಾನ್ಸಿನ ಯೂಜೀನ್ ಮೇಯರ್ 1869ರಲ್ಲಿ ಇಂಥ ತಂತಿಗಾಲಿಗೆ ಪೇಟೆಂಟ್ ಪಡೆದ. ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಕಡ್ಡಿಗಳನ್ನು ನೇರ ನಡುವಿಗೆ ಕೊಡದೆ ಒಂದರ ಮೇಲೊಂದು ಹಾಯಿಸಿ ಓರೆಯಾಗಿ ಹೆಣೆಯುವುದನ್ನು ತಂದ. ಪೆಡಲು ತುಳಿದ ಬಲ ಗಾಲಿಯ ನಡುವಿನ ಹಬ್ಬಿನಿಂದ ರಿಮ್ಮಿಗೆ ದಾಟಬೇಕಾದರೆ ಈ ಓರೆ ಬೇಕೇ ಬೇಕು. ಇವತ್ತಿಗೂ ಹೊರೆಯ ಗಾಲಿಗೆ ಪ್ರತಿ ಕಡ್ಡಿಯೂ ಮೂರು ಕಡ್ಡಿಗಳನ್ನು ದಾಟುವ ಹೆಣಿಗೆಯೇ ವಾಡಿಕೆ, 40 ಕಡ್ಡಿಯಾದರೆ ನಾಲ್ಕು.

ಇನ್ನು ಭಾರ ಬಿದ್ದಾಗ ಏನಾಗುತ್ತದೆ? ಮೇಲಿನ ಕಡ್ಡಿಗಳಿಗೆ ಹಬ್ಬು ಜೋತುಬೀಳುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಅಮೆರಿಕದ ಎಂಜಿನಿಯರ್ ಯೋಬ್ಸ್ಟ್ ಬ್ರಾಂಟ್ 1981ರಲ್ಲಿ ಹೊರತಂದ ‘ದಿ ಬೈಸಿಕಲ್ ವೀಲ್’ ಪುಸ್ತಕದಲ್ಲಿ ಲೆಕ್ಕ ಹಾಕಿ ತೋರಿಸಿದ್ದು ಬೇರೆ. ಮೇಲಿನ ಮತ್ತು ಪಕ್ಕದ ಕಡ್ಡಿಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗುವುದೇ ಇಲ್ಲ. ನೆಲಕ್ಕೆ ತಾಗಿದ ಜಾಗದ ನಾಲ್ಕಾರು ಕಡ್ಡಿಗಳು ಮಾತ್ರ ತಮ್ಮ ಬಿಗಿಯಲ್ಲಿ ಒಂದಿಷ್ಟನ್ನು ಬಿಟ್ಟುಕೊಡುತ್ತವೆ. ಹೊರೆ ಹೊರುವುದು ಎಂದರೆ ಇಲ್ಲಿ ಬಿಗಿ ಕಳೆದುಕೊಳ್ಳುವುದು. ಮೊದಲೇ ಬಿಗಿ ಸಾಲದಿದ್ದರೆ ಗುಂಡಿಯೊಂದರ ಏಟಿಗೆ ಕೆಳಗಿನ ಕಡ್ಡಿ ಪೂರ್ತಿ ಸಡಿಲವಾಗುತ್ತದೆ, ಅದನ್ನು ರಿಮ್ಮಿಗೆ ಬಿಗಿದ ನಿಪ್ಪಲ್ ತಾನಾಗಿ ಬಿಚ್ಚಿಕೊಳ್ಳತೊಡಗುತ್ತದೆ, ಗಾಲಿ ಆಡತೊಡಗುತ್ತದೆ. ಕಡ್ಡಿ ಹೆಚ್ಚಿದ್ದಷ್ಟೂ ಒಂದೊಂದರ ಪಾಲಿಗೆ ಬರುವ ಏಟು ಕಡಿಮೆ.

ಕಡ್ಡಿ ಮುರಿಯುವುದು ಒಂದೇ ಏಟಿಗಲ್ಲ. ದೊಡ್ಡ ಗಾಲಿಯ ಸುತ್ತಳತೆ ಸುಮಾರು 2.2 ಮೀಟರ್. ಒಂದು ಕಿಲೋಮೀಟರಿಗೆ 450 ಸುತ್ತು. ಪ್ರತಿ ಸುತ್ತಿಗೂ ಪ್ರತಿ ಕಡ್ಡಿ ಒಂದು ಸಲ ಸಡಿಲವಾಗಿ ಮತ್ತೆ ಬಿಗಿಯುತ್ತದೆ. ಸಾವಿರ ಕಿಲೋಮೀಟರಿಗೆ ನಾಲ್ಕೂವರೆ ಲಕ್ಷ ಸಲ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ಮುರಿಯುವುದು ಎಲ್ಲರಿಗೂ ಗೊತ್ತಲ್ಲ, ಅದೇ ಕೆಲಸ ಇಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ನಡೆಯುತ್ತಿರುತ್ತದೆ. ಹಬ್ಬಿನ ತೂತಿನಲ್ಲಿ ಕಡ್ಡಿ ಬಾಗುವ ಜಾಗದಲ್ಲೇ ಸಾಮಾನ್ಯವಾಗಿ ಬಿರುಕು ಹುಟ್ಟುತ್ತದೆ. ಅಚ್ಚರಿ ಎಂದರೆ ಬಿಗಿಯಾದ ಕಡ್ಡಿಗಿಂತ ಸಡಿಲ ಕಡ್ಡಿ ಬೇಗ ಸಾಯುತ್ತದೆ, ಅದರ ಓಲಾಟ ಜಾಸ್ತಿ. ಇನ್ನೂ ಅಚ್ಚರಿ ಎಂದರೆ ಉದ್ದಕ್ಕೂ ಒಂದೇ ದಪ್ಪದ ಕಡ್ಡಿಗಿಂತ ತುದಿಗಳಲ್ಲಿ 2 ಮಿ.ಮೀ. ಇದ್ದು ನಡುವೆ 1.8ಕ್ಕೆ ಸಣ್ಣಗಾಗುವ ಕಡ್ಡಿ ಹೆಚ್ಚು ಬಾಳುತ್ತದೆ. ಸಣ್ಣ ನಡು ತುಸು ಹಿಗ್ಗಿ ಏಟನ್ನು ನುಂಗಿಕೊಳ್ಳುವುದರಿಂದ ಬಾಗಿದ ಜಾಗಕ್ಕೆ ಅಷ್ಟು ಪೆಟ್ಟು ತಲುಪುವುದಿಲ್ಲ. ಇಂಥವನ್ನು ಬಟೆಡ್ ಸ್ಪೋಕ್ ಎನ್ನುತ್ತಾರೆ. ಸ್ವಿಟ್ಜರ್ಲೆಂಡಿನ ಡಿಟಿ ಸ್ವಿಸ್, ಬೆಲ್ಜಿಯಂನ ಸಾಪಿಮ್ ಕಂಪನಿಗಳ ಸ್ಟೇನ್‌ಲೆಸ್ ಕಡ್ಡಿಗಳಿಗೆ ಹೆಸರಿದೆ. ನಮ್ಮ ಹಳ್ಳಿ ಅಂಗಡಿಯ ಕಡ್ಡಿ ಮಾಮೂಲು ಉಕ್ಕಿಗೆ ಸತುವಿನ ಲೇಪ ಕೊಟ್ಟದ್ದು. ಒಂದು ಮಲೆನಾಡಿನ ಮಳೆಗಾಲ ಕಳೆಯುವುದರೊಳಗೆ ನಿಪ್ಪಲ್ಲಿನ ಹತ್ತಿರ ತುಕ್ಕು ಹಿಡಿಯುತ್ತದೆ, ಆಮೇಲೆ ಕೀ ಹಾಕಿದರೆ ನಿಪ್ಪಲ್ ತಿರುಗುವುದಿಲ್ಲ, ಕಡ್ಡಿಯೇ ತಿರುಚಿಕೊಳ್ಳುತ್ತದೆ.

ಹಾಗಿದ್ದರೆ ಹಾಲಿನವನ ಸೈಕಲ್ಲಿನ ಗಾಲಿಯನ್ನೇ ಕಿತ್ತು ಹಾಕಿಕೊಂಡು ಹೊರಟರಾಯಿತಲ್ಲ?

ಬಯಲಿಗಾದರೆ ಧಾರಾಳವಾಗಿ. ಆದರೆ ಆ ಗಾಲಿ ಗಟ್ಟಿ ಇರಲು 40 ಕಡ್ಡಿಯೊಂದೇ ಕಾರಣವಲ್ಲ, ಅದಕ್ಕೆ ಗೇರಿಲ್ಲ ಎಂಬುದೂ ಕಾರಣ. ಒಂದೇ ಹಲ್ಲುಚಕ್ರದ ಫ್ರೀವೀಲ್ ಅಗಲ ಕಡಿಮೆ, ಆದ್ದರಿಂದ ಎಡ ಬಲ ಕಡ್ಡಿಗಳ ಓರೆ ಹೆಚ್ಚುಕಡಿಮೆ ಸಮ, ಬಿಗಿಯೂ ಸಮ. ಗೇರು ಬಂತೆಂದರೆ ಬಲಗಡೆ ಏಳೆಂಟು ಹಲ್ಲುಚಕ್ರಗಳಿಗೆ ಜಾಗ ಬಿಡಬೇಕು. ಬಲದ ಕಡ್ಡಿಗಳು ನೆಟ್ಟಗೆ ನಿಲ್ಲುತ್ತವೆ, ಎಡದವು ಓರೆಯಾಗುತ್ತವೆ. ರಿಮ್ಮು ನಡುವೆ ನಿಲ್ಲಬೇಕಾದರೆ ಬಲಕ್ಕೆ ಬಹಳ ಬಿಗಿ, ಎಡಕ್ಕೆ ಅದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಬಲಗಡೆ ದುಡಿದು ಮುರಿಯುತ್ತದೆ, ಎಡಗಡೆ ಸಡಿಲಾಗಿ ಬಿಚ್ಚಿಕೊಳ್ಳುತ್ತದೆ. ಗೇರಿನ ಸೈಕಲ್ಲಿನ ಹಿಂದಿನ ಗಾಲಿ ಎಂದರೆ ಹುಟ್ಟಿನಿಂದಲೇ ಅರೆಬಲದ್ದು. ಆದ್ದರಿಂದಲೇ ಅದಕ್ಕೆ 36ಕ್ಕಿಂತ ಕಡಿಮೆ ಕಡ್ಡಿ ಒಪ್ಪಬೇಡಿ ಎಂದು ನಾನು ಹೇಳುವುದು. ತೂತುಗಳನ್ನು ನಡುವಿನಿಂದ ತುಸು ಎಡಕ್ಕೆ ಸರಿಸಿ ಕೊರೆದ ರಿಮ್ಮು ಸಿಕ್ಕರೆ ಈ ತಾರತಮ್ಯ ಸ್ವಲ್ಪ ತಗ್ಗುತ್ತದೆ.

ಇದಕ್ಕಿಂತ ದೊಡ್ಡ ಗುಟ್ಟು ಹಬ್ಬಿನೊಳಗಿದೆ. ಕಡಿಮೆ ಬೆಲೆಯ ಗೇರ್ ಸೈಕಲ್ಲುಗಳಲ್ಲಿ ಆರೇಳು ಹಲ್ಲುಚಕ್ರಗಳ ಫ್ರೀವೀಲನ್ನು ಹಬ್ಬಿನ ಮೇಲೆ ಮರೆಗೆ ತಿರುಗಿಸಿ ಕೂರಿಸಿರುತ್ತಾರೆ. ಬಲಗಡೆಯ ಬೇರಿಂಗ್ ಬಾಲ್ಸು ಆ ಫ್ರೀವೀಲಿನ ಹಿಂದೆ, ಒಳಗೆಲ್ಲೋ ಇರುತ್ತದೆ. ಅಲ್ಲಿಂದ ಫ್ರೇಮಿನ ತನಕ ಆಕ್ಸಲ್ಲಿಗೆ ಆಸರೆಯೇ ಇಲ್ಲ. ಹೊರೆ ಹೇರಿ ಹಂಪು ಹಾರಿಸಿದರೆ ಆಕ್ಸಲ್ ಬಾಗುತ್ತದೆ, ಬಾಗಿದ್ದು ಒಂದಲ್ಲ ಒಂದು ದಿನ ತುಂಡಾಗುತ್ತದೆ. ಶಿಮಾನೊ ಕಂಪನಿ 1978ರಲ್ಲಿ ತಂದ ಫ್ರೀಹಬ್ ವ್ಯವಸ್ಥೆಯಲ್ಲಿ ಬಲಗಡೆಯ ಬಾಲ್ಸು ಫ್ರೇಮಿನ ಸಮೀಪಕ್ಕೆ ಸರಿಯಿತು, ಈ ಕಾಟ ಬಹುಮಟ್ಟಿಗೆ ತಪ್ಪಿತು. ಕ್ಯಾಸೆಟ್ ಎಂದು ಅಂಗಡಿಯವರು ಹೇಳುವುದು ಈ ಬಗೆಯನ್ನೇ. ಸೈಕಲ್ ಕೊಳ್ಳುವಾಗ ಬಣ್ಣ ನೋಡುವ ಮೊದಲು ಇದನ್ನು ಕೇಳಿ ತಿಳಿಯಿರಿ. ಗೇರು 21 ಇದೆಯೋ 24 ಇದೆಯೋ ಎಂಬುದು ಆಮೇಲೆ.

ರಿಮ್ಮಿಗೆ ಬರೋಣ. ಹಳೆ ಕಪ್ಪು ಸೈಕಲ್ಲಿನ ಉಕ್ಕಿನ ರಿಮ್ಮು ಗುಂಡಿಗೆ ಬಿದ್ದರೆ ಬಾಗುತ್ತದೆ, ಸುತ್ತಿಗೆಯಲ್ಲಿ ಬಡಿದರೆ ನೆಟ್ಟಗಾಗುತ್ತದೆ. ಆ ಮಟ್ಟಿಗೆ ಅದನ್ನು ಮೀರಿಸುವಂಥದ್ದಿಲ್ಲ. ಆದರೆ ಮಳೆಯಲ್ಲಿ ನೆನೆದ ಕ್ರೋಮ್ ಲೇಪದ ಉಕ್ಕಿನ ಮೇಲೆ ಬ್ರೇಕಿನ ರಬ್ಬರ್ ಜಾರುತ್ತದೆ. ನೀವು ಹಿಡಿಯುತ್ತಲೇ ಇರುತ್ತೀರಿ, ಸೈಕಲ್ಲು ಹೋಗುತ್ತಲೇ ಇರುತ್ತದೆ. ಬೀರೂರಿನ ಬಯಲಲ್ಲಿ ಇದು ತಮಾಷೆ. ಕಲ್ಲತ್ತಿಪುರದ ದಾರಿಯ ತಿರುವುಗಳಲ್ಲಿ ತಮಾಷೆಯಲ್ಲ. ಊರಿನ ಸೈಕಲ್ಲಿನ ಮೇಲೆ ಎಷ್ಟೇ ಅಭಿಮಾನವಿದ್ದರೂ ಉಕ್ಕಿನ ರಿಮ್ಮು ಹಾಕಿ, ಸಾಮಾನು ಕಟ್ಟಿ, ಮಳೆಗಾಲದಲ್ಲಿ ಕೆಮ್ಮಣ್ಣುಗುಂಡಿಯಿಂದ ಇಳಿಯುವ ಸಾಹಸ ಬೇಡ.

ಅಲ್ಯೂಮಿನಿಯಂ ರಿಮ್ಮಿನಲ್ಲಿ ಬ್ರೇಕು ಕಚ್ಚುತ್ತದೆ. ಅದರಲ್ಲೂ ಒಂದೇ ಪದರದ್ದು ಬೇಡ, ಒಳಗೆ ಟೊಳ್ಳು ಬಿಟ್ಟು ಎರಡು ಪದರದಲ್ಲಿ ಮಾಡಿದ ಡಬಲ್ ವಾಲ್ ರಿಮ್ಮು ಬೇಕು. ನಿಪ್ಪಲ್ ಕೂರುವ ತೂತಿಗೆ ಉಕ್ಕಿನ ಕಣ್ಣು ಕೂರಿಸಿದ್ದರೆ ಇನ್ನೂ ಒಳ್ಳೆಯದು, ಬಿಗಿ ಹೆಚ್ಚಾದಾಗ ತೂತು ಸೀಳುವುದಿಲ್ಲ. ತೊಂದರೆ ಬೇರೆ ಕಡೆ ಇದೆ. ಕೆಮ್ಮಣ್ಣುಗುಂಡಿಯ ಕೆಂಪು ಮಣ್ಣೆಂದರೆ ಕಬ್ಬಿಣದ ಅದಿರಿನ ಮಣ್ಣು, ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಒಂದು ಕಾಲದಲ್ಲಿ ಇಲ್ಲಿಂದಲೇ ಅದಿರು ಹೋಗುತ್ತಿತ್ತು. ಆ ಮಣ್ಣಿನ ಕೆಸರು ಬ್ರೇಕ್ ರಬ್ಬರಿಗೂ ರಿಮ್ಮಿಗೂ ನಡುವೆ ಸಿಕ್ಕಿಕೊಂಡರೆ ಉಪ್ಪುಕಾಗದದ ಕೆಲಸ ಮಾಡುತ್ತದೆ. ಕೆಳಗಿಳಿದ ಮೇಲೆ ರಬ್ಬರನ್ನು ಬಿಚ್ಚಿ ನೋಡಿದರೆ ಅಲ್ಯೂಮಿನಿಯಂ ಚೂರುಗಳು ಚುಚ್ಚಿಕೊಂಡು ಮಿಣಮಿಣ ಹೊಳೆಯುತ್ತಿರುತ್ತವೆ. ಅವನ್ನು ಚೂಪಾದ ಮೊನೆಯಿಂದ ಕಿತ್ತು ಹಾಕದಿದ್ದರೆ ಮರುದಿನ ಅವೇ ರಿಮ್ಮನ್ನು ಕೆರೆಯುತ್ತವೆ. ರಿಮ್ಮಿನ ಪಕ್ಕಕ್ಕೆ ಒಂದು ನೇರವಾದ ಪಟ್ಟಿ ಒತ್ತಿ ಹಿಡಿಯಿರಿ. ನಡುವೆ ಬೆಳಕು ಕಂಡರೆ ಗೋಡೆ ಸವೆದು ಹಳ್ಳವಾಗಿದೆ ಎಂದರ್ಥ. ತೀರಾ ಸವೆದ ರಿಮ್ಮು ಟೈರಿನ ಗಾಳಿಯ ಒತ್ತಡಕ್ಕೇ ಸಿಡಿಯುತ್ತದೆ.

ಶಾಖದ ಮಾತೂ ಇದೆ. ನೂರು ಚಿಲ್ಲರೆ ಕೆ.ಜಿ. ಹೊತ್ತು 700 ಮೀಟರ್ ಇಳಿದರೆ ಎಲ್ಲ ಕಡೆಯೂ ಸೇರಿ ಕಳೆಯಬೇಕಾದ ಶಕ್ತಿ ಸುಮಾರು ಏಳು ಲಕ್ಷ ಜೂಲ್, ಎರಡು ಲೀಟರ್ ತಣ್ಣೀರನ್ನು ಕುದಿ ಬರಿಸಲು ಸಾಕು. ಒಂದಿಷ್ಟನ್ನು ಎದುರುಗಾಳಿ ತಿನ್ನುತ್ತದೆ, ಉಳಿದದ್ದು ಬ್ರೇಕಿಗೆ. ನಿಧಾನವಾಗಿ, ಬ್ರೇಕನ್ನು ಬಿಡದೆ ಎಳೆದುಕೊಂಡೇ ಇಳಿಯುವವನ ರಿಮ್ಮು ಕಾದು ಟ್ಯೂಬು ಸಿಡಿದ ನಿದರ್ಶನಗಳಿವೆ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಬೇಕು. ಕಲ್ಲತ್ತಿಗಿರಿ ಅಬ್ಬಿ ಹೇಗೂ ದಾರಿಯಲ್ಲೇ ಇದೆ, ವೀರಭದ್ರನ ಗುಡಿಯ ಹತ್ತಿರ ಕಾಲುಗಂಟೆ ಕೂತರೆ ರಿಮ್ಮೂ ತಣಿಯುತ್ತದೆ, ಬೆರಳುಗಳೂ ಸುಧಾರಿಸಿಕೊಳ್ಳುತ್ತವೆ.

ಡಿಸ್ಕ್ ಬ್ರೇಕ್ ಇದ್ದರೆ ರಿಮ್ಮಿನ ಸವೆತವೂ ಇಲ್ಲ, ಶಾಖವೂ ಟ್ಯೂಬಿನಿಂದ ದೂರ. ಮಲೆನಾಡಿನ ಮಳೆಗೆ ನನ್ನ ಮತ ಅದಕ್ಕೇ, ಆದರೆ ಎಣ್ಣೆಯದಲ್ಲ, ಕೇಬಲ್ ಎಳೆಯುವಂಥದ್ದು. ಕೇಬಲ್ ಎಲ್ಲ ಊರಲ್ಲೂ ಸಿಗುತ್ತದೆ. ಪ್ಯಾಡ್ ಸಿಗುವುದಿಲ್ಲ, ಅದನ್ನು ನೀವೇ ಒಯ್ಯಬೇಕು, ಬೆಂಕಿಪೊಟ್ಟಣದಷ್ಟು ಜಾಗ ಸಾಕು. ಡಿಸ್ಕ್ ಹಾಕಿದ ಮೇಲೆ ಬ್ರೇಕಿನ ಬಲವೆಲ್ಲ ಹಬ್ಬಿನಿಂದ ಕಡ್ಡಿಗಳ ಮೂಲಕವೇ ಹಾಯಬೇಕು. ಆದ್ದರಿಂದ ಮುಂದಿನ ಗಾಲಿಗೂ 32 ಕಡ್ಡಿಯಾದರೂ ಇರಲಿ.

ಈಗ ಎಲ್ಲರಿಗೂ ತಲೆಕೆಡಿಸುವ ಅಳತೆಯ ವಿಷಯ. ಟೈರಿನ ಮೇಲೆ 28 ಎಂದು ಬರೆದಿದೆ, ಅಂಗಡಿಯಲ್ಲಿ 28ರ ಟೈರಿದೆ, ತಂದು ಹಾಕಿದರೆ ಕೂರುವುದಿಲ್ಲ. ಯಾಕೆಂದರೆ ಇಂಚಿನ ಅಂಕಿ ಬರೀ ಹೆಸರು. ನಿಜವಾದ ಅಳತೆ ಟೈರಿನ ಅಂಚು ರಿಮ್ಮಿನಲ್ಲಿ ಕೂರುವ ವೃತ್ತದ ವ್ಯಾಸ, ಅದನ್ನು ಮಿಲಿಮೀಟರಿನಲ್ಲಿ ಟೈರಿನ ಪಕ್ಕದಲ್ಲೇ ಸಣ್ಣಕ್ಷರದಲ್ಲಿ ಅಚ್ಚೊತ್ತಿರುತ್ತಾರೆ. ನಮ್ಮ ಕಪ್ಪು ಸೈಕಲ್ಲಿನ 28 × 1½ ಎಂದರೆ 635. ಈಗಿನ ಹೈಬ್ರಿಡ್ ಸೈಕಲ್ಲುಗಳ 700ಸಿ, ಅದನ್ನೂ 28 ಎಂದೇ ಕರೆಯುವುದುಂಟು, ಅದು 622. ವ್ಯತ್ಯಾಸ ಹದಿಮೂರೇ ಮಿಲಿಮೀಟರ್, ಒಂದರ ಟೈರು ಇನ್ನೊಂದಕ್ಕೆ ಸರ್ವಥಾ ಆಗುವುದಿಲ್ಲ. 26ರ ಕಥೆಯೂ ಇದೇ. ರೇಂಜರ್ ಸೈಕಲ್ಲಿನ ದಪ್ಪ ಟೈರು 559, ಲೇಡೀಸ್ ಸೈಕಲ್ಲಿನ 26 × 1⅜ ಎಂಬ ತೆಳು ಟೈರು 590. 29 ಎಂದು ಹೊಸ ಹೆಸರಿಟ್ಟು ಮಾರುತ್ತಿರುವುದು ಮತ್ತೆ ಅದೇ 622.

ಹಾಗಾದರೆ ಯಾವುದು? ಹಳ್ಳಿಯ ಸೈಕಲ್ ಷಾಪಿನ ಮೊಳೆಗೆ ಯಾವ ಟೈರು ನೇತುಬಿದ್ದಿದೆ ನೋಡಿ. ರಾಜ್ಯ ಸರ್ಕಾರ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದ ಮೇಲೆ ಒಂದೂವರೆ ದಶಕದ ಹತ್ತಿರ ಹತ್ತಿರ ಊರೂರಿಗೂ ಗಾಲಿಗಳು ಬಂದವು, ಅವುಗಳ ಪಂಕ್ಚರು, ಟ್ಯೂಬು, ಟೈರಿನ ವ್ಯಾಪಾರವೂ ಬಂತು. ಹಳ್ಳಿಯ ಷಾಪಿನವನು ಇಟ್ಟುಕೊಳ್ಳುವುದು ಹಳ್ಳಿಯಲ್ಲಿ ಓಡುವ ಅಳತೆಯನ್ನೇ: ಕಪ್ಪು ಸೈಕಲ್ಲಿನದು, ಲೇಡೀಸ್ ಸೈಕಲ್ಲಿನದು, ರೇಂಜರಿನದು. 622 ಬೇಕೆಂದರೆ ಚಿಕ್ಕಮಗಳೂರೋ ಶಿವಮೊಗ್ಗವೋ ನೋಡಿಕೊಳ್ಳಬೇಕಾದೀತು. “ಸಾರ್, ಈ ಸೈಜು ಇಲ್ಲಿ ನಡಿಯಲ್ಲ, ಬೆಂಗ್ಳೂರಿಂದ ತರಸ್ಬೇಕು” ಎಂಬ ಉತ್ತರ ಕೇಳದ ಪ್ರವಾಸಿಗ ಕಡಿಮೆ. ಗೇರು, ಒಳ್ಳೆಯ ಅಲ್ಯೂಮಿನಿಯಂ ರಿಮ್ಮು, ಅಗಲ ಟೈರು, ಹಳ್ಳಿಯಲ್ಲೂ ಸಿಗುವ ಟ್ಯೂಬು, ನಾಲ್ಕೂ ಒಂದೇ ಕಡೆ ಕೂಡುವುದು 559ರಲ್ಲಿ. ಗಾಲಿ ಚಿಕ್ಕದಾದಷ್ಟೂ ಕಡ್ಡಿ ಗಿಡ್ಡ, ಗಿಡ್ಡವಾದಷ್ಟೂ ಗಾಲಿ ಗಟ್ಟಿ. ಕಂಪನಿಗಳು 26ನ್ನು ಹಳೆಯ ಮಾಲೆಂದು ಮೂಲೆಗೆ ತಳ್ಳುತ್ತಿರುವುದು ನಿಜ. ತಳ್ಳಲಿ, ಬೆಲೆ ಇಳಿಯುತ್ತದೆ.

ಈಗಾಗಲೇ 622ರ ಸೈಕಲ್ ಇರುವವರು ಅದನ್ನು ಮಾರಬೇಕಾಗಿಲ್ಲ. ಫ್ರೇಮಿನಲ್ಲಿ ಜಾಗವಿದ್ದರೆ 40 ಮಿ.ಮೀ. ಅಗಲದ ಟೈರು ಹಾಕಿ, ಮಡಚಿಡಬಹುದಾದ ಟೈರೊಂದನ್ನು ಚೀಲದ ತಳದಲ್ಲಿಟ್ಟುಕೊಂಡರೆ ಆಯಿತು. ಟೈರು ಅಗಲವಾದಷ್ಟೂ ರಿಮ್ಮು ಬದುಕುತ್ತದೆ. ತೆಳು ಟೈರಿಗೆ ಗಾಳಿ ಕಡಿಮೆ ಇದ್ದು ಹಂಪಿನ ಅಂಚಿಗೆ ಬಡಿದರೆ ಟ್ಯೂಬು ನೆಲಕ್ಕೂ ರಿಮ್ಮಿಗೂ ನಡುವೆ ಸಿಕ್ಕಿ ಪಕ್ಕಪಕ್ಕದಲ್ಲೇ ಎರಡು ತೂತು ಬೀಳುತ್ತವೆ. ಇದನ್ನು ಮುಳ್ಳಿನ ಪಂಕ್ಚರ್ ಎಂದು ತಿಳಿದು ಒಂದೇ ತೂತು ಮುಚ್ಚಿದವರು ಅರ್ಧ ಗಂಟೆಯಲ್ಲಿ ಮತ್ತೆ ಕೆಳಗಿಳಿಯುತ್ತಾರೆ. ಮುಳ್ಳಿನ ವಿಷಯಕ್ಕೆ, ಕಡೂರಿನ ಕಡೆಯ ಜಾಲಿಗೆ, ಒಳಗೆ ದಪ್ಪ ರಬ್ಬರ್ ಪಟ್ಟಿ ಇರುವ ಪ್ರವಾಸಿ ಟೈರೇ ಮದ್ದು. ಜರ್ಮನಿಯ ಷ್ವಾಲ್ಬೆ ಮ್ಯಾರಥಾನ್ ಇದರಲ್ಲಿ ಹಳಬ. ತೂಕ ಹೆಚ್ಚು, ಬೆಲೆಯೂ ಹೆಚ್ಚು, ಎರಡನ್ನೂ ಸಹಿಸಿಕೊಳ್ಳಬೇಕು.

ವಾಲ್ವು ಸಣ್ಣ ವಿಷಯ, ದೊಡ್ಡ ತಲೆನೋವು. ದುಬಾರಿ ಸೈಕಲ್ಲುಗಳಲ್ಲಿ ಪೆನ್ಸಿಲ್ ದಪ್ಪಕ್ಕಿಂತ ತೆಳುವಾದ ಪ್ರೆಸ್ಟಾ ವಾಲ್ವು ಬರುತ್ತದೆ. ಲಿಂಗದಹಳ್ಳಿಯಂಥ ಊರಿನ ಪಂಕ್ಚರ್ ಅಂಗಡಿಯ ಗಾಳಿಪೈಪು ಕೂರುವುದು ಮೋಟರ್‌ಸೈಕಲ್ಲಿನ ದಪ್ಪ ವಾಲ್ವಿಗೆ. ರಿಮ್ಮಿನ ತೂತು ದಪ್ಪ ವಾಲ್ವಿಗೆ ಆಗುವಂಥದ್ದೇ ಇರಲಿ. ಬೇರಿಂಗಿನಲ್ಲೂ ಇದೇ ಜಾಣತನ. ಬಿಡಿ ಬಾಲ್ಸಿನ ಹಬ್ಬಾದರೆ ಹಿಂದಕ್ಕೆ ಕಾಲಿಂಚಿನ ಬಾಲ್ಸು ಒಂದು ಪಕ್ಕಕ್ಕೆ ಒಂಬತ್ತು, ಮುಂದಕ್ಕೆ 3/16 ಇಂಚಿನದು ಹತ್ತು, ಇವು ಯಾವ ಸೈಕಲ್ ಷಾಪಿನ ಡಬ್ಬಿಯಲ್ಲೂ ಇರುತ್ತವೆ. ಸೀಲ್ ಮಾಡಿದ ಬೇರಿಂಗಿನ ಹಬ್ಬಾದರೆ ನಂಬರ್ ಬರೆದಿಟ್ಟುಕೊಳ್ಳಿ. ಕೆಲವು ಹಬ್ಬುಗಳಲ್ಲಿರುವ 6001 ನಂಬರಿನದು ಮೋಟರ್ ರಿಪೇರಿ ಅಂಗಡಿಯಲ್ಲೂ ಸಿಗುವಂಥದ್ದು.

ಇಷ್ಟೆಲ್ಲ ಒಳ್ಳೆಯ ಸಾಮಾನು ತಂದು ಸುಮ್ಮನೆ ಜೋಡಿಸಿದರೆ ಗಾಲಿಯಾಗುವುದಿಲ್ಲ. ನನ್ನ ಮಾತಿನ ತಿರುಳು ಇದೇ: ಗಾಲಿಯ ಆಯುಷ್ಯ ಬೆಲೆಯಲ್ಲೂ ಬ್ರ್ಯಾಂಡಿನಲ್ಲೂ ಇರುವುದಕ್ಕಿಂತ ಹೆಚ್ಚಾಗಿ ಕಡ್ಡಿ ಬಿಗಿದವನ ಕೈಯಲ್ಲಿದೆ. ಕಾರ್ಖಾನೆಯ ಯಂತ್ರ ಕಟ್ಟಿದ ಅಗ್ಗದ ಗಾಲಿಗಳಲ್ಲಿ ರಿಮ್ಮು ನೇರವಾಗಿರುತ್ತದೆ, ಬಿಗಿ ಮಾತ್ರ ಸಾಲದು, ಸಮವೂ ಇರುವುದಿಲ್ಲ. ಅದನ್ನು ಬಿಚ್ಚದೆ ಹಾಗೆಯೇ ಕೈಯಿಂದ ಮತ್ತೊಮ್ಮೆ ಬಿಗಿಸಿದರೂ ಅದರ ಬಾಳಿಕೆ ಎಷ್ಟೋ ಹೆಚ್ಚುತ್ತದೆ.

ಹಳೆಯ ಮೆಕ್ಯಾನಿಕ್ ಒಬ್ಬರು ಗಾಲಿಯ ಔಟ್, ಅಂದರೆ ಸೊಟ್ಟ, ತೆಗೆಯುವುದನ್ನು ಕೂತು ನೋಡಬೇಕು. ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ, ಟೈರು ಬಿಚ್ಚಿ, ಗಾಲಿಯನ್ನು ಮೆಲ್ಲಗೆ ತಿರುಗಿಸುತ್ತಾರೆ. ಫೋರ್ಕಿಗೆ ಬೆರಳು ಆನಿಸಿ ಹೆಬ್ಬೆರಳಿನ ಉಗುರನ್ನು ರಿಮ್ಮಿಗೆ ಕೂದಲೆಳೆಯಷ್ಟು ದೂರ ಹಿಡಿಯುತ್ತಾರೆ. ಎಲ್ಲಿ ಉಗುರಿಗೆ ಸವರುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು. ಗುರುತಿನ ಜಾಗದಲ್ಲಿ ಆ ಪಕ್ಕದ ನಿಪ್ಪಲ್ಲಿಗೆ ಕಾಲು ಸುತ್ತು ಸಡಿಲ, ಎದುರು ಪಕ್ಕದ್ದಕ್ಕೆ ಕಾಲು ಸುತ್ತು ಬಿಗಿ. ಮತ್ತೆ ತಿರುಗಿಸುವುದು. ನಡುನಡುವೆ ಬೆರಳಲ್ಲಿ ಕಡ್ಡಿ ಮೀಟಿ ಕಿವಿಗೊಡುತ್ತಾರೆ. ಒಂದೇ ಪಕ್ಕದ ಕಡ್ಡಿಗಳೆಲ್ಲ ಹೆಚ್ಚುಕಡಿಮೆ ಒಂದೇ ಶ್ರುತಿಯಲ್ಲಿ ನುಡಿದರೆ ಬಿಗಿ ಸಮ ಇದೆ ಎಂದು ಲೆಕ್ಕ, ಒಂದು ಕಡ್ಡಿ ಮಂದ್ರಕ್ಕೆ ಇಳಿದರೆ ಅದಕ್ಕೊಂದು ತಿರುವು. ಪಟ್ಟಣದ ದೊಡ್ಡ ಅಂಗಡಿಗಳಲ್ಲಿ ಇದಕ್ಕೆ ಮಾಪಕವಿದೆ, ಗೇರ್ ಗಾಲಿಯ ಬಲಗಡೆಗೆ 100ರಿಂದ 120 ಕೆ.ಜಿ. ಎಳೆತ ತೋರಿಸಬೇಕು. ಕಿವಿ ಆ ಅಂಕಿಯನ್ನು ಹೇಳಲಾರದು, ಸಮವಾಗಿದೆಯೋ ಇಲ್ಲವೋ ಎಂಬುದನ್ನು ಮಾತ್ರ ಚೆನ್ನಾಗಿ ಹೇಳುತ್ತದೆ.

ಒಂದು ಕೆಲಸವನ್ನು ಬಹಳ ಜನ ಬಿಡುತ್ತಾರೆ. ಬಿಗಿಯೆಲ್ಲ ಮುಗಿದ ಮೇಲೆ ಒಂದೇ ಪಕ್ಕದ ಎರಡೆರಡು ಕಡ್ಡಿಗಳನ್ನು ಜೋಡಿ ಹಿಡಿದು ಅಂಗೈ ನೋಯುವಷ್ಟು ಜೋರಾಗಿ ಹಿಸುಕಬೇಕು, ಗಾಲಿಯ ಸುತ್ತಲೂ. ಆಗ ಕಡ್ಡಿಗಳು ಹಬ್ಬಿನ ತೂತಿನಲ್ಲಿ ಸರಿಯಾಗಿ ಕೂರುತ್ತವೆ, ಬಾಗುವಿಕೆಯಲ್ಲಿ ಅವಿತಿದ್ದ ಒತ್ತಡವೂ ಇಳಿಯುತ್ತದೆ. ಬ್ರಾಂಟ್ ತಮ್ಮ ಪುಸ್ತಕದಲ್ಲಿ ಒತ್ತಿ ಹೇಳಿದ್ದು ಇದನ್ನೇ. ನಿಮ್ಮ ಮೆಕ್ಯಾನಿಕ್ ಮಾಡದಿದ್ದರೆ “ಅಣ್ಣಾ, ಕಡ್ಡೀನ ಒಂದ್ಸಲ ಹಿಸುಕಿ ಮತ್ತೆ ಔಟ್ ನೋಡಿಬಿಡಿ” ಎಂದು ಹೇಳಿ, ಇಲ್ಲವೇ ನೀವೇ ಹಿಸುಕಿ.

ರಿಪೇರಿಯ ಸೌಕರ್ಯವೇ ಇಲ್ಲದ ಕಾಲದಲ್ಲೂ ಜನ ಹೋಗಿದ್ದಾರೆ. 1923ರ ಅಕ್ಟೋಬರಿನಲ್ಲಿ ಮುಂಬೈಯಿಂದ ಆರು ಜನ ಪಾರ್ಸಿ ತರುಣರು ಸೈಕಲ್ಲಿನಲ್ಲಿ ಪ್ರಪಂಚ ಸುತ್ತಲು ಹೊರಟರು. ಆದಿ ಹಕೀಂ, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗರಾ ಈ ಮೂವರು 1928ರಲ್ಲಿ ಪ್ರದಕ್ಷಿಣೆ ಮುಗಿಸಿ ಮರಳಿದರು. ಅವರ ಕಾಲದಲ್ಲಿ ಇಂಥದ್ದೇ ಗಾಲಿ ಬೇಕೆಂದು ಆರಿಸುವ ಅವಕಾಶ ಎಷ್ಟಿದ್ದೀತು? ನಮಗೆ ಇದೆ.

ಬೆಂಗಳೂರಿನಿಂದ ರೈಲಿನಲ್ಲಿ ಸೈಕಲ್ ಹಾಕಿಕೊಂಡು ಬೀರೂರಿನಲ್ಲಿ ಇಳಿದು ಹೊರಡುವವರಿಗೆ ಇಷ್ಟು. ಹಿಂದಕ್ಕೆ 36 ಬಟೆಡ್ ಕಡ್ಡಿ, ಮೂರು ದಾಟಿನ ಹೆಣಿಗೆ, ಹಿತ್ತಾಳೆಯ ನಿಪ್ಪಲ್ (ಅಲ್ಯೂಮಿನಿಯಂನದು ಬೇಡ, ತುಕ್ಕು ಬೇರೆ ರೂಪದಲ್ಲಿ ಬರುತ್ತದೆ), ಎರಡು ಪದರದ ರಿಮ್ಮು, ಕ್ಯಾಸೆಟ್ ಹಬ್ಬು, 559 ಆದರೆ ಒಳ್ಳೆಯದು. ಹೊಸ ಗಾಲಿಯನ್ನು ಕಟ್ಟಿಸಿದ ದಿನವೇ ಘಾಟಿಗೆ ಒಯ್ಯಬೇಡಿ. ಮೊದಲು ಸಾಮಾನು ಕಟ್ಟಿಕೊಂಡು ಬಯಲಿನಲ್ಲೇ ನೂರೈವತ್ತು ಕಿಲೋಮೀಟರ್ ಓಡಾಡಿ. ಬೇಕಾದರೆ ಅಮೃತಪುರಕ್ಕೆ ಹೋಗಿ 1196ರ ಹೊಯ್ಸಳ ಗುಡಿ ನೋಡಿಕೊಂಡು ಬನ್ನಿ. ಆಮೇಲೆ ತರೀಕೆರೆಯಲ್ಲೋ ಬೀರೂರಿನಲ್ಲೋ ಒಮ್ಮೆ ಔಟ್ ನೋಡಿಸಿ. ಹೊಸ ಕಡ್ಡಿಗಳು ಕೂತು ಬಿಗಿ ಇಳಿದಿರುತ್ತದೆ, ಒಂದು ಸಲ ಏರಿಸಿದರೆ ಮತ್ತೆ ಬೇಗ ಇಳಿಯುವುದಿಲ್ಲ.

ಬಿಡಿ ಕಡ್ಡಿ ಆರಾದರೂ ಇಟ್ಟುಕೊಳ್ಳಿ. ಬಲದ್ದು ಎಡದ್ದು ಉದ್ದ ಬೇರೆ, ಒಂದೆರಡು ಮಿಲಿಮೀಟರ್ ವ್ಯತ್ಯಾಸವಿದ್ದರೂ ಕೆಲಸಕ್ಕೆ ಬರದೆ ಹೋಗಬಹುದು, ಅದಕ್ಕೇ ಎರಡನ್ನೂ ಬೇರೆಬೇರೆ ಬಣ್ಣದ ಟೇಪು ಸುತ್ತಿ ಫ್ರೇಮಿಗೆ ಕಟ್ಟಿ. ಬಲಗಡೆಯ ಕಡ್ಡಿ ಮುರಿದರೆ ಕ್ಯಾಸೆಟ್ ಬಿಚ್ಚದೆ ಹೊಸದು ತೂರುವುದಿಲ್ಲ, ಆ ಬಿಚ್ಚುವ ಹಲ್ಲಿನ ಸಾಧನ ಹಳ್ಳಿ ಷಾಪಿನಲ್ಲಿ ಇರುವುದು ಅನುಮಾನ. ಸ್ಪ್ಯಾನರು, ಸುತ್ತಿಗೆ ಅವರಲ್ಲಿರುತ್ತದೆ, ಸಾಧನ ನಿಮ್ಮ ಚೀಲದಲ್ಲಿರಲಿ. ಕಡ್ಡಿ ಮುರಿದದ್ದು ಘಾಟಿಯ ನಡುವಿನಲ್ಲಾದರೆ, ಮುರಿದದ್ದನ್ನು ಪಕ್ಕದ ಕಡ್ಡಿಗೆ ಸುತ್ತಿ, ಅದರ ಆಚೀಚೆಯ ಎದುರು ಪಕ್ಕದ ಎರಡು ಕಡ್ಡಿಗಳನ್ನು ಅರ್ಧ ಸುತ್ತು ಸಡಿಲಿಸಿ, ರಿಮ್ಮು ಬ್ರೇಕಿಗೆ ತಾಗದಷ್ಟು ನೇರ ಮಾಡಿಕೊಳ್ಳಿ. ಹಿಂದಿನ ಚೀಲದ ಭಾರದ ಸಾಮಾನನ್ನು ಮುಂದಕ್ಕೆ ವರ್ಗಾಯಿಸಿ. 36ರಲ್ಲಿ ಒಂದು ಹೋದರೆ ಲಿಂಗದಹಳ್ಳಿಗೆ ಇಳಿದು ಬರಬಹುದು. 20ರಲ್ಲಿ ಒಂದು ಹೋದರೆ ಬಸ್ಸಿಗೆ ಕೈ ಅಡ್ಡ ಹಾಕಬೇಕು.